ಕಲ್ಲು ಒಂದೇ, ಹರಳಿನ ಆಕಾರ ಬೇರೆ ಏಕೆ?

ಪ್ರಶ್ನೆ: ಮೆಟ್ಟಿಲಿಗೆ ಹಾಕಿಸಿದ ಗ್ರಾನೈಟ್‌ನಲ್ಲಿ ನಸುಗೆಂಪು ಹರಳುಗಳು ನೇರ ಅಂಚಿನ ಆಯತಗಳಾಗಿ ಕಾಣುತ್ತವೆ. ಗಾಜಿನಂಥ ಬೂದು ಹರಳಿಗೆ ಮಾತ್ರ ಆಕಾರವೇ ಇಲ್ಲ. ಒಟ್ಟಿಗೇ ತಣಿದ ಕಲ್ಲಿನಲ್ಲಿ ಈ ಭೇದವೇಕೆ?
– ಓದುಗರು, ಅರಸೀಕೆರೆ

ಉತ್ತರ: ತಣಿಯುವ ವೇಗ ಮುಖ್ಯವಾಗಿ ಗಾತ್ರವನ್ನು ನಿರ್ಧರಿಸುತ್ತದೆ. ಆಕಾರದ ಬೇರು ರಸಾಯನದಲ್ಲಿದೆ. ಒಂದು ಸಿಲಿಕಾನ್ ಸುತ್ತ ನಾಲ್ಕು ಆಮ್ಲಜನಕ ಕೂತ ಘಟಕ ಶಿಲಾರಸ ತಣಿದು ಆದ ಕಲ್ಲಿನ ಮುಖ್ಯ ಖನಿಜಗಳಲ್ಲೆಲ್ಲ ಇದೆ. ಆ ಘಟಕಗಳು ಒಂದಕ್ಕೊಂದು ಹೇಗೆ ಕೈಹಿಡಿದಿವೆ ಎಂಬುದನ್ನು ನೋಡಬೇಕು. ಆಲಿವಿನ್ ಎಂಬ ಖನಿಜದಲ್ಲಿ ಅವು ಬಿಡಿಬಿಡಿ, ನಡುವೆ ಮೆಗ್ನೀಸಿಯಂ, ಕಬ್ಬಿಣ, ಹರಳು ಸುಮಾರು ದುಂಡಗೆ. ಪೈರಾಕ್ಸೀನ್‌ನಲ್ಲಿ ಒಂಟಿ ಸರಪಳಿ, ಹಾರ್ನ್‌ಬ್ಲೆಂಡ್‌ನಲ್ಲಿ ಜೋಡಿ ಸರಪಳಿ. ಹರಳು ಸರಪಳಿಯ ಉದ್ದಕ್ಕೆ ಚಾಚುತ್ತದೆ. ಕಾಗೆಬಂಗಾರದಲ್ಲಿ ಹಾಳೆ, ಉಗುರು ಹಾಕಿದರೆ ಪದರ ಏಳುತ್ತದೆ.

ನಿಮ್ಮ ನಸುಗೆಂಪು ಹರಳು ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್, ಬೂದು ಬಣ್ಣದ್ದು ಬೆಣಚು. ಎರಡರದ್ದೂ ಮೂರು ದಿಕ್ಕಿಗೂ ಹೆಣೆದ ಚೌಕಟ್ಟೇ. ಇಲ್ಲಿ ಜಾಗದ ಪ್ರಶ್ನೆ ಬರುತ್ತದೆ. ಫೆಲ್ಡ್‌ಸ್ಪಾರ್ ಹರಳು ಸುತ್ತ ಇನ್ನೂ ಶಿಲಾರಸ ಇರುವಾಗಲೇ ಬೆಳೆದು ತನ್ನ ಮುಖಗಳನ್ನು ಕಟ್ಟಿಕೊಂಡಿತು. ಬೆಣಚಿನ ಬಹುಪಾಲು ಕೊನೆಗೆ, ಉಳಿದ ಸಂದಿಯಲ್ಲಿ ಗಟ್ಟಿಯಾಯಿತು. ಅದೇ ಬೆಣಚಿಗೆ ಪೆಗ್ಮಟೈಟ್ ಎಂಬ, ಬಲು ದೊಡ್ಡ ಹರಳುಗಳ ಶಿಲೆಯ ಪೊಳ್ಳು ಸಿಕ್ಕರೆ ಆರು ಮುಖದ ಕಂಬವಾಗಿ ನಿಲ್ಲುತ್ತದೆ. ಪೆಗ್ಮಟೈಟ್‌ನ ರಸದಲ್ಲಿ ನೀರು ಹೆಚ್ಚು. ನೀರು ರಸವನ್ನು ತೆಳುವಾಗಿಸುತ್ತದೆ. ಬೀಜಹರಳು ಕಡಿಮೆ ಹುಟ್ಟಿ, ಹುಟ್ಟಿದವು ಅಡಿಯುದ್ದ ಬೆಳೆಯಬಲ್ಲವು.

ಪರೀಕ್ಷಿಸಲು ಪಾಲಿಶ್ ಮಾಡಿದ ಮುಖ ಬೇಡ, ಒಡೆದ ಅಂಚು ಹಿಡಿಯಿರಿ. 10 ಪಟ್ಟು ಹಿಗ್ಗಿಸುವ ಮಸೂರದಲ್ಲಿ, ಓರೆ ಬಿಸಿಲಿಗೆ ಮೆಲ್ಲಗೆ ತಿರುಗಿಸಿ. ಫೆಲ್ಡ್‌ಸ್ಪಾರ್‌ನ ಚಪ್ಪಟೆ ಸೀಳು ಒಮ್ಮೆಗೇ ಪಳಕ್ಕೆನ್ನುತ್ತದೆ. ಬೆಣಚು ಒಡೆದ ಬಾಟಲಿಯ ಹಾಗೆ ಬಾಗಿದ ಮುಖ ತೋರಿಸುತ್ತದೆ. ಹೆಚ್ಚಿನವರು ಎಡವುವುದು ಪಾಲಿಶ್ ಮುಖದಲ್ಲೇ: ಅಡ್ಡ ಕೊಯ್ದ ಕಾಗೆಬಂಗಾರದ ಬಿಲ್ಲೆ ಅಲ್ಲಿ ಕಪ್ಪು ಗೆರೆಯಾಗಿ, ಸೂಜಿಯಂತೆ ಕಾಣುತ್ತದೆ. ಬೇರೆ ಬೇರೆ ದಿಕ್ಕಿನಲ್ಲಿ ಕೊಯ್ದ ಹತ್ತಾರು ಹರಳು ನೋಡದೆ ಆಕಾರ ತೀರ್ಮಾನಿಸಬೇಡಿ.

ಪ್ರಶ್ನೆ: ಬೇಲೂರು, ಹಳೇಬೀಡಿನ ಕಲ್ಲಿನಲ್ಲೂ ಇಂಥ ಹರಳು ಹುಡುಕಬಹುದೇ?
– ಓದುಗರು, ಬೇಲೂರು

ಉತ್ತರ: ಬರಿಗಣ್ಣಿಗೆ ಸಿಗುವುದು ಕಷ್ಟ. ಅಲ್ಲಿನ ದೇವಸ್ಥಾನಗಳ ಬಳಪದ ಕಲ್ಲು ರೂಪಾಂತರ ಶಿಲೆ. ಮೆಗ್ನೀಸಿಯಂ ತುಂಬಿದ ಅಗ್ನಿಶಿಲೆಗೆ ಬಿಸಿನೀರು ಹೊಕ್ಕು ಆಲಿವಿನ್, ಪೈರಾಕ್ಸೀನ್ ಕರಗಿದಾಗ ಅವುಗಳ ಜಾಗದಲ್ಲಿ ಟಾಲ್ಕ್, ಕ್ಲೋರೈಟ್ ಎಂಬ ಹಾಳೆ ಖನಿಜಗಳು ಹುಟ್ಟುತ್ತವೆ. ಹಾಳೆಗಳ ನಡುವಿನ ಹಿಡಿತ ಸಡಿಲ. ಟಾಲ್ಕ್‌ನ ಗಡಸುತನ, ಖನಿಜಗಳನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪನದಲ್ಲಿ ಬರೀ 1. ಹೊಯ್ಸಳರ ಶಿಲ್ಪಿಗಳು ಆ ಕಲ್ಲಿನಲ್ಲಿ ಅಷ್ಟು ಸೂಕ್ಷ್ಮವಾಗಿ ಕೆತ್ತಲು ಆದದ್ದು ಈ ಮೃದುತನದಿಂದ. ದಯವಿಟ್ಟು ದೇವಸ್ಥಾನದ ಕಲ್ಲಿನ ಮೇಲೆ ಉಗುರು ಗೀರಿ ನೋಡಬೇಡಿ. ಬಳಪದ ತುಂಡು ಸಾಕು.