ಕಥೆ ನಿಲ್ಲಿಸಿ ಕೇಳುವ ಪ್ರಶ್ನೆ

ಪ್ರಶ್ನೆ: ಏಳನೇ ತರಗತಿಗೆ ಕನ್ನಡ ಪಾಠ ಮಾಡುತ್ತೇನೆ. ಕಥೆಯನ್ನು ನಡುವೆ ನಿಲ್ಲಿಸಿ ‘ಮುಂದೇನಾಗಬಹುದು?’ ಎಂದರೆ ಕೆಲವರು ಬಾಯಿಗೆ ಬಂದದ್ದು ಹೇಳುತ್ತಾರೆ, ಉಳಿದವರು ಸುಮ್ಮನಿರುತ್ತಾರೆ. ಊಹಿಸಿ ಓದುವುದನ್ನು ಕಲಿಸುವುದು ಹೇಗೆ?
– ಶಿಕ್ಷಕಿ, ಮಂಡ್ಯ ತಾಲ್ಲೂಕು

ಉತ್ತರ: ‘ಮುಂದೇನಾಗಬಹುದು’ ಎಂದು ಕೇಳಿದರೆ ಯಾವ ಉತ್ತರವೂ ನಡೆಯುತ್ತದೆ. ‘ದೆವ್ವ ಬಂತು ಮಿಸ್’ ಅಂದರೂ ತಪ್ಪೆನ್ನಲಾಗದು! ಪ್ರಶ್ನೆಯನ್ನು ಒಂದು ಪಾತ್ರಕ್ಕೆ ಕಟ್ಟಿಹಾಕಿ: ‘ಇವನು ಈಗ ಏನು ಮಾಡುತ್ತಾನೆ? ಯಾವ ಸಾಲು ಓದಿ ಹಾಗನ್ನಿಸಿತು?’ ಸಾಲಿನ ಮೇಲೆ ಬೆರಳಿಡಲಾಗದಿದ್ದರೆ ಅದು ಗಾಳಿಯಲ್ಲಿ ಗುಂಡು ಹೊಡೆದಂತೆ.

ಬೋರ್ಡಿನ ಮೇಲೆ ಹೀಗೆ ಬರೆಯಿರಿ: ‘ಗಾಡಿ ತುಂಬ ಕಬ್ಬು ಹಾಗೇ ನಿಂತಿತ್ತು. ಆಲೆಮನೆಯಿಂದ ಹೊಗೆ ಏಳುತ್ತಿರಲಿಲ್ಲ.’ ನಿಮ್ಮ ಕಡೆಯ ಮಕ್ಕಳಿಗೆ ಏನೋ ಎಡವಟ್ಟಾಗಿದೆ ಎಂದು ತಟ್ಟನೆ ಹೊಳೆಯುತ್ತದೆ: ಗಾಣ ಕೆಟ್ಟಿದೆ, ಆಳು ಬಂದಿಲ್ಲ, ಬೆಲ್ಲದ ರೇಟು ಬಿದ್ದಿದೆ. ಆಲೆಮನೆ ಕಾಣದ ಮೈಸೂರು ಪೇಟೆಯ ಮಗುವಿಗೆ ಅದು ಬರೀ ವರ್ಣನೆ. ಕಥೆಯ ಸುಳಿವಿಗೆ ಮಗುವಿಗೆ ಮೊದಲೇ ಗೊತ್ತಿರುವುದು ಸೇರಬೇಕು. ಸುಮ್ಮನಿರುವವರಲ್ಲಿ ಹಲವರಿಗೆ ಕೊರತೆ ಇಲ್ಲೇ. ಪರಿಚಯವಿಲ್ಲದ ಲೋಕದ ಕಥೆಯಾದರೆ ಮೊದಲು ಐದು ನಿಮಿಷ ಅದರ ಹಿನ್ನೆಲೆ ಹೇಳಿ.

40 ನಿಮಿಷದ ಪೀರಿಯಡ್ಡಿಗೆ ನಾಲ್ಕೈದು ಪುಟದ ಕಥೆ, ಮೂರು ನಿಲುಗಡೆ ಸಾಕು. ಪಾತ್ರವೊಂದು ತೀರ್ಮಾನ ಮಾಡುವ ಹೊಸ್ತಿಲಲ್ಲಿ ನಿಲ್ಲಿಸಿ. ಪ್ಯಾರಾಗೊಮ್ಮೆ ನಿಲ್ಲಿಸಿದರೆ ಕಥೆಯ ಓಟವೇ ಸಾಯುತ್ತದೆ. ಪಠ್ಯಪುಸ್ತಕದ ಪಾಠ ಬೇಡ, ಓದುವ ಹುಡುಗರು ಅದನ್ನು ಜೂನ್‌ನಲ್ಲೇ ಮುಗಿಸಿರುತ್ತಾರೆ. ಲೈಬ್ರರಿಯ ಕಥೆಯೊಂದನ್ನು ಜೆರಾಕ್ಸ್ ಮಾಡಿಸಿ, ನಿಲುಗಡೆಗೆ ಸರಿಯಾಗಿ ಕತ್ತರಿಸಿ, ಒಂದೊಂದೇ ಭಾಗ ಹಂಚಿ.

ನೋಟ್‌ಬುಕ್ಕಿನಲ್ಲಿ ಮೂರು ಕಾಲಂ: ಊಹೆ, ಆಧಾರದ ಸಾಲು, ಕಥೆಯಲ್ಲಿ ಆದದ್ದು. ಹೇಳಿಸುವ ಮೊದಲು ಎರಡು ನಿಮಿಷ ಬರೆಸಿ. ಇಲ್ಲದಿದ್ದರೆ ಮೊದಲು ಕೈಯೆತ್ತಿದವನ ಮಾತೇ ಇಡೀ ಕ್ಲಾಸಿನ ಉತ್ತರವಾಗುತ್ತದೆ. ಅಂಕ ಕೊಡಲೇಬೇಕೆಂದರೆ ಎರಡನೇ ಕಾಲಮ್ಮಿಗೆ ಕೊಡಿ. ಊಹೆ ನಿಜವಾದದ್ದಕ್ಕೆ ಕೊಟ್ಟರೆ ಹಳೆಯದನ್ನು ಅಳಿಸಿ ಸರಿಯಾದದ್ದು ಬರೆದಿಡುತ್ತಾರೆ; ಪೆನ್ನಿನಲ್ಲೇ ಬರೆಸುವುದು ಕ್ಷೇಮ. ಊಹೆ ತಪ್ಪಿದಾಗಲೇ ಚರ್ಚೆಗೆ ರುಚಿ: ಯಾವ ಸುಳಿವು ಕಣ್ತಪ್ಪಿತು? ಕಥೆಗಾರರೇ ಬೇಕೆಂದು ದಾರಿ ತಪ್ಪಿಸಿದರೇ?

ಪ್ರಶ್ನೆ: ಆರನೇ ಕ್ಲಾಸಿನ ಮಗಳು ಮೊದಲು ಕೊನೆಯ ಪುಟ ಓದಿಬಿಡುತ್ತಾಳೆ. ಬಿಡಿಸಬೇಕೆ?
– ಓದುಗರು, ಮೈಸೂರು

ಉತ್ತರ: ಬೇಕಿಲ್ಲ. ಪ್ರಶ್ನೆಯನ್ನು ತಿರುಗಿಸಿ ಕೇಳಿ: ‘ಹೀಗೆ ಮುಗಿಯುತ್ತದೆ ಅಂತ ಗೊತ್ತಾಯಿತಲ್ಲ, ಅದರ ಮೊದಲ ಸುಳಿವು ಎಲ್ಲಿದೆ, ಹುಡುಕು.’