ಮೇಷ್ಟ್ರನ್ನು ಕೇಳಿ: ನೀರು ಬಿಟ್ಟು ಬಂದರೂ ಮದುವೆಗೆ ನೀರೇ ಬೇಕು

ಪ್ರಶ್ನೆ: ಮೇಷ್ಟ್ರೇ, ನಮ್ಮ ಹಿತ್ತಲ ಕಲ್ಲುಗೋಡೆಯ ಪಾಚಿ ಬೇಸಿಗೆಯಲ್ಲಿ ಒಣಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಒಂದು ಮಳೆ ಬಿದ್ದರೆ ಸಾಕು, ಮತ್ತೆ ಹಸಿರು. ಪಕ್ಕದ ಕುಂಡದ ಗುಲಾಬಿಗೆ ಎರಡು ದಿನ ನೀರು ತಪ್ಪಿದರೆ ಬಾಡುತ್ತದೆ. ‘ಪಾಚಿನೇ ಗಟ್ಟಿ ಅಲ್ವಾ ಅಪ್ಪ? ಮತ್ತೆ ಗುಲಾಬಿ ಯಾಕೆ ಹುಟ್ಟಬೇಕಿತ್ತು?’ ಅಂತಾಳೆ ಮಗಳು. ಏನು ಹೇಳಲಿ?
– ಸಾಗರದ ಓದುಗರೊಬ್ಬರು

ಉತ್ತರ: ಮೊದಲು ಮಗಳಿಗೆ ಶಹಬ್ಬಾಸ್ ಹೇಳಿ. ನನ್ನ ಬಿಎಸ್ಸಿ ತರಗತಿಗಳಲ್ಲಿ ಇಂಥ ಪ್ರಶ್ನೆ ಬಂದಿದ್ದು ಬಹಳ ಕಡಿಮೆ.

ನಿಮ್ಮ ಗೋಡೆ ಮೇಲಿರುವುದು ಕೆರೆಪಾಚಿಯಲ್ಲ. ಅದು ಹಾವಸೆ, ನೆಲದ ಸಸ್ಯ. ಒಣಗಿದ್ದನ್ನು ಒಂದು ಚಿಟಿಕೆ ಕಿತ್ತು ತಟ್ಟೆಯಲ್ಲಿಟ್ಟು ನೀರು ಚಿಮುಕಿಸಿ. ಮಗಳ ಕೈಗೆ ಒಂದು ಲೆನ್ಸ್ ಕೊಡಿ. ಮುರುಟಿಕೊಂಡ ಎಲೆಗಳು ನೋಡನೋಡುತ್ತಲೇ ಬಿಚ್ಚಿಕೊಳ್ಳುತ್ತವೆ. ಆ ಎಲೆ ನಡುವಿನ ನರ ಬಿಟ್ಟರೆ ಬಹುಪಾಲು ಒಂದೇ ಕೋಶದಷ್ಟು ದಪ್ಪ. ಅದಕ್ಕೆ ನಿಜವಾದ ಬೇರಿಲ್ಲ. ನೀರು ಮೈಯಿಂದಲೇ ಒಳಗಿಳಿಯುತ್ತದೆ, ಬಿಸಿಲು ಬಂದರೆ ಮೈಯಿಂದಲೇ ಹೊರಟೂ ಹೋಗುತ್ತದೆ. ಒಣಗಿದಾಗ ಕೋಶದ ಕೆಲಸವೆಲ್ಲ ಬಂದ್. ಒಳಗಿನ ಸಕ್ಕರೆ ಮತ್ತು ಕೆಲವು ಪ್ರೋಟೀನುಗಳು ಕೋಶ ಹಾಳಾಗದಂತೆ ಕಾಯುತ್ತವೆ.

ಗಟ್ಟಿ ಹೌದು. ಆದರೆ ಒಣಗಿದಷ್ಟು ದಿನ ಅದಕ್ಕೆ ಊಟವೂ ಇಲ್ಲ, ಬೆಳವಣಿಗೆಯೂ ಇಲ್ಲ. ಏಪ್ರಿಲ್ ಬಿಸಿಲಲ್ಲಿ ಗುಲಾಬಿ ಅಡುಗೆ ಮಾಡಿಕೊಳ್ಳುತ್ತಿರುತ್ತದೆ, ಹಾವಸೆ ಸುಮ್ನೆ ಬಿದ್ದಿರುತ್ತದೆ. ಗುಲಾಬಿಯ ವಂಶ ನೀರನ್ನು ಒಳಗೇ ಹಿಡಿದಿಡುವ ದಾರಿ ಹಿಡಿಯಿತು. ಎಲೆಗೆ ಮೇಣದ ಲೇಪ ಬಂತು, ನೀರೇರಿಸಲು ಕೊಳವೆಗಳು ಬಂದವು. ಕೊಳವೆಯ ಗೋಡೆಗೆ ಲಿಗ್ನಿನ್ ಎಂಬ ಬಿಗಿಯಾದ ವಸ್ತು ಸೇರಿ ಗಟ್ಟಿಯಾದ ಮೇಲೆ ಮರಗಳು ಎದ್ದವು. ಲಿಗ್ನಿನ್ ಇಲ್ಲದ ಹಾವಸೆಗಳಲ್ಲಿ ಎತ್ತರದ್ದು ಅನಿಸಿಕೊಂಡ ಆಸ್ಟ್ರೇಲಿಯಾದ ಡಾಸೋನಿಯಾ ಅರ್ಧ ಮೀಟರಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಕ್ಯಾಲಿಫೋರ್ನಿಯಾದ ರೆಡ್‌ವುಡ್ 115 ಮೀಟರ್ ಮುಟ್ಟಿದೆ.

ಹಾಗಂತ ಹಾವಸೆಯಿಂದ ಗುಲಾಬಿ ಹುಟ್ಟಿತು ಅಂದುಕೊಳ್ಳಬೇಡಿ. ಅವು ದಾಯಾದಿಗಳು. ಎರಡರ ಮೂಲವೂ ಸಿಹಿನೀರಿನ ಹಸಿರು ಪಾಚಿ. ನೆಲದ ಸಸ್ಯಗಳ ಬೀಜಕಣಗಳು (ಬೀಜವಲ್ಲ, ಧೂಳಿನಂಥ ಸಂತಾನದ ಕಣಗಳು) ಸುಮಾರು 47 ಕೋಟಿ ವರ್ಷ ಹಿಂದಿನ ಬಂಡೆಗಳಲ್ಲೇ ಸಿಗುತ್ತವೆ.

ನೀರು ಬಿಟ್ಟು ಬಂದ ಸಸ್ಯಗಳ ವಿಚಾರ ಬಂದರೆ ಎಲ್ಲರೂ ಬಾಯಾರಿಕೆಯ ಕಥೆಯನ್ನೇ ಹೇಳುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಪೇಚು ಮದುವೆಯದು. ಹಾವಸೆಯ ಗಂಡುಕೋಶಕ್ಕೆ ಎರಡು ಬಾಲ. ಅದು ಹೆಣ್ಣುಕೋಶದ ತನಕ ಈಜಿಕೊಂಡೇ ಹೋಗಬೇಕು. ಮಳೆಯೋ ಇಬ್ಬನಿಯೋ ಇಲ್ಲದಿದ್ದರೆ ಮದುವೆ ಮುಂದಕ್ಕೆ. ಜರೀಗಿಡದ ಪಾಡೂ ಇದೇ.

ಪರಾಗ ಬಂದ ಮೇಲೆ ಈ ಕಷ್ಟ ಒಂದೇ ಸಲಕ್ಕೆ ಕಳೆಯಿತು ಅಂತೀರಾ? ಇಲ್ಲ. ಜಪಾನಿನ ಹಿರಾಸೆ ಎಂಬಾತ ಟೋಕಿಯೊ ವಿಶ್ವವಿದ್ಯಾಲಯಕ್ಕೆ ಸೇರಿದ್ದು ಚಿತ್ರ ಬರೆಯುವವನಾಗಿ. 1896ರಲ್ಲಿ ಗಿಂಕೊ ಮರದ ಅಂಡಕವನ್ನು, ಅಂದರೆ ಮುಂದೆ ಬೀಜವಾಗುವ ಭಾಗವನ್ನು, ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಅದರೊಳಗೆ ಗಂಡುಕೋಶ ಈಜುತ್ತಿತ್ತು! ಅಷ್ಟು ದೊಡ್ಡ ಮರ, ಪರಾಗ ಬಂದಿದ್ದು ಗಾಳಿಯಲ್ಲಿ. ಆದರೂ ತಿಂಗಳುಗಟ್ಟಲೆ ಕಾದು, ಅಂಡಕ ತಾನೇ ಒಸರಿಸಿದ ಚೂರು ದ್ರವದಲ್ಲಿ ಗಂಡುಕೋಶ ಕೊನೆಯ ದಾರಿಯನ್ನು ಈಜಿಯೇ ದಾಟುತ್ತದೆ. ಅದೇ ವರ್ಷ ಇಕೆನೊ ಎಂಬ ವಿಜ್ಞಾನಿ ಸೈಕಾಸ್‌ನಲ್ಲೂ ಇದನ್ನೇ ಕಂಡ. ನಮ್ಮ ಪಾರ್ಕುಗಳಲ್ಲಿ ಗಿಡ್ಡ ಈಚಲಿನ ಹಾಗೆ ಕಾಣುತ್ತದಲ್ಲ, ಅದೇ ಸೈಕಾಸ್.

ಗುಲಾಬಿಗೆ ಆ ಹನಿಯೂ ಬೇಡ. ಪರಾಗದಿಂದ ಒಂದು ಸಣ್ಣ ನಳಿಕೆ ಬೆಳೆದು, ಬಾಲವೇ ಇಲ್ಲದ ಗಂಡುಕೋಶವನ್ನು ಅಂಡದ ಬಳಿಗೇ ತಲುಪಿಸುತ್ತದೆ. ನಡು ಬೇಸಿಗೆಯಲ್ಲೂ ಬೀಜ ಕಟ್ಟಬಹುದು. ಹಾವಸೆಗೆ ಆಗದ್ದು ಇದೇ. ಮಗಳಿಗೆ ಇಷ್ಟು ಹೇಳಿ, ಮುಂದಿನ ಪ್ರಶ್ನೆಗೆ ತಯಾರಾಗಿರಿ.

ಪ್ರಶ್ನೆ: ಮೊದಲ ನೆಲಸಸ್ಯಗಳಿಗೆ ಬೇರೇ ಇರಲಿಲ್ಲವಂತೆ. ಮಣ್ಣಿನ ಸಾರ ಹೇಗೆ ಸಿಗುತ್ತಿತ್ತು?
– ಮೂಡಿಗೆರೆಯ ಕಾಫಿ ಬೆಳೆಗಾರರು

ಉತ್ತರ: ಶಿಲೀಂಧ್ರದ ಸಹಾಯದಿಂದ. ಸ್ಕಾಟ್ಲೆಂಡಿನ ರೈನಿ ಎಂಬ ಹಳ್ಳಿಯ ಹತ್ತಿರ 1912ರಲ್ಲಿ ವಿಲಿಯಂ ಮ್ಯಾಕಿ ಎಂಬ ವೈದ್ಯರಿಗೆ ವಿಚಿತ್ರ ಕಲ್ಲು ಸಿಕ್ಕಿತು. ಸುಮಾರು 40 ಕೋಟಿ ವರ್ಷದ ಹಿಂದೆ ಬಿಸಿನೀರ ಬುಗ್ಗೆಯ ಸಿಲಿಕಾ ಅಲ್ಲಿನ ಗಿಡಗಳನ್ನು ನಿಂತಲ್ಲೇ ಕಲ್ಲಾಗಿಸಿತ್ತು. ಆ ಕಲ್ಲನ್ನು ತೆಳ್ಳಗೆ ಕೊಯ್ದು ನೋಡಿದರೆ ಕಾಂಡದ ಕೋಶಗಳೊಳಗೆ ಕವಲೊಡೆದ ಶಿಲೀಂಧ್ರದ ಎಳೆಗಳು ಈಗಲೂ ಕಾಣುತ್ತವೆ. ಅವು ಮಣ್ಣಿನಿಂದ ರಂಜಕದಂಥ ಸಾರ ತಂದುಕೊಡುತ್ತಿದ್ದವು, ಗಿಡ ಸಕ್ಕರೆ ಕೊಡುತ್ತಿತ್ತು ಅನ್ನುವುದು ವಿಜ್ಞಾನಿಗಳ ಮಾತು. ನಿಮ್ಮ ಕಾಫಿ ಬೇರಿನಲ್ಲೂ ಇದೇ ವ್ಯವಹಾರ ನಡೆಯುತ್ತಿದೆ. ಮೈಕೊರೈಜಾ ಅಂತ ಜೈವಿಕ ಗೊಬ್ಬರ ಮಾರುತ್ತಾರಲ್ಲ, ಆ ಗುಂಪಿನವೇ.

ಪ್ರಶ್ನೆ: ತಾವರೆ ನೀರು ಬಿಟ್ಟು ಬರಲೇ ಇಲ್ಲ ಅಲ್ವಾ?
– ಮೈಸೂರಿನ ವಿದ್ಯಾರ್ಥಿನಿ

ಉತ್ತರ: ಬಂದಿತ್ತಮ್ಮ, ವಾಪಸ್ ಹೋಯಿತು. ಅದರ ಪೂರ್ವಜರು ನೆಲದಲ್ಲಿ ಬಾಳಿದವರು. ಅದಕ್ಕೇ ಎಲೆಗೆ ಮೇಣ ಇದೆ, ಗಾಳಿಯಾಡುವ ಸಣ್ಣ ತೂತುಗಳು, ಅಂದರೆ ಪತ್ರರಂಧ್ರಗಳಿವೆ. ಆದರೆ ಅವು ಗಾಳಿ ಸಿಗುವ ಮೇಲ್ಮೈಯಲ್ಲಿವೆ. ಹೂವನ್ನು ನೀರಿನ ಮೇಲಕ್ಕೆ ಎತ್ತಿ ದುಂಬಿಗಳನ್ನು ಕರೆಯುತ್ತದೆ. ಒಂದು ತಾವರೆ ದಂಟು ಮುರಿದು ನೋಡು, ಉದ್ದಕ್ಕೂ ತೂತುಗಳಿವೆ. ಕೆಸರಿನೊಳಗಿನ ಗೆಡ್ಡೆಗೆ ಗಾಳಿ ಇಳಿಯುವುದು ಅವುಗಳಿಂದಲೇ.