ಕುಡಿಯುವ ನೀರಿನ ಶುದ್ಧೀಕರಣ ಘಟಕದ ಕೆಸರನ್ನು ಹೊಲಕ್ಕೆ ಗೊಬ್ಬರವಾಗಿ ಏಕೆ ಹಾಕುವುದಿಲ್ಲ?

ಆ ಕೆಸರಿನಲ್ಲಿ ಪೋಷಕಾಂಶಗಳು ತೀರಾ ಕಡಿಮೆ. ಅಲ್ಲದೆ ಹೆಚ್ಚು ಸುರಿದರೆ ಮಣ್ಣಿನಲ್ಲಿರುವ ರಂಜಕವನ್ನೂ ಅದು ಬೆಳೆಗೆ ದಕ್ಕದಂತೆ ಹಿಡಿದಿಟ್ಟುಕೊಳ್ಳುತ್ತದೆ. ಇದನ್ನು ಸಾವಯವ ಪದಾರ್ಥ ಹೇರಳವಾಗಿರುವ ಚರಂಡಿ ನೀರಿನ ಕೆಸರೆಂದು ಭಾವಿಸುವುದರಿಂದಲೇ ಈ ಗೊಂದಲ ಹುಟ್ಟುತ್ತದೆ. ಇದರಲ್ಲಿರುವುದು ಮುಖ್ಯವಾಗಿ ನದಿ ಅಥವಾ ಕೆರೆಯ ನೀರಿನಲ್ಲಿ ತೇಲುತ್ತಿದ್ದ ಜೇಡಿಮಣ್ಣು ಮತ್ತು ಅದನ್ನು ತಳಕ್ಕಿಳಿಸಲು ಬೆರೆಸಿದ ಪಟಿಕದಿಂದ, ಅಂದರೆ ಆಲಂನಿಂದ, ಉಂಟಾದ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಎಂಬ ಲೋಳೆಯಂತಹ ವಸ್ತು. ರಂಜಕವು ಇದಕ್ಕೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಕಬ್ಬಿಣದ ಲವಣ ಬಳಸುವ ಘಟಕಗಳಲ್ಲಿಯೂ ಪರಿಸ್ಥಿತಿ ಬಹುತೇಕ ಹೀಗೆಯೇ.

ಹೊಲದಲ್ಲಿ ದೋಷವೆನಿಸುವ ಇದೇ ಗುಣ, ಕೊಳಚೆ ನೀರಿನಿಂದ ರಂಜಕವನ್ನು ತೆಗೆಯಬೇಕಾದಲ್ಲಿ ಉಪಯೋಗಕ್ಕೆ ಬರುತ್ತದೆ. ನನ್ನ ದೃಷ್ಟಿಯಲ್ಲಿ ಈ ಕೆಸರಿಗೆ ಅತ್ಯಂತ ಸೂಕ್ತವಾದ ಮರುಬಳಕೆ ಅದೇ. ಆಮ್ಲ ಬೆರೆಸಿ ಪಟಿಕವನ್ನು ಮರಳಿ ಪಡೆಯಬಹುದಾದರೂ, ಅದರೊಡನೆ ಕೆಸರಿನಲ್ಲಿರುವ ಲೋಹಗಳು ಮತ್ತು ಸಾವಯವ ಕಲ್ಮಶಗಳೂ ಕರಗಿ ಬರುತ್ತವೆ. ಇಟ್ಟಿಗೆ, ಸಿಮೆಂಟುಗಳಲ್ಲಿಯೂ ಕೆಸರನ್ನು ಬೆರೆಸುವುದುಂಟು.

ಕೆಸರನ್ನು ಬೇರೆಡೆಗೆ ಸಾಗಿಸುವುದಾದರೆ ಸಾಮಾನ್ಯವಾಗಿ ಮೊದಲು ಅದರ ನೀರನ್ನು ಹಿಂಡಬೇಕಾಗುತ್ತದೆ. ಶೇಕಡ 1ರಷ್ಟು ಘನಪದಾರ್ಥವಿರುವ ಕೆಸರನ್ನು ಶೇಕಡ 20ಕ್ಕೆ ಏರಿಸಿದರೆ, ಸಾಗಿಸಬೇಕಾದ ತೂಕ ಇಪ್ಪತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ.